ಒಂಬತ್ತು ಎಣಿಸುವುದರೊಳಗೆ

ಈಗ ನಾನು ಹೇಳುವುದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನನ್ನ ಎಡಗಡೆಯ ಮೀಸೆ ಬೋಳಿಸಿಕೊಳ್ಳುತ್ತೇನೆ. ಬಲಗಡೆಯದು ಬೇರೊಂದು ಕಥೆಗೆ ಒತ್ತೆ ಬಿದ್ದಿದೆ, ಅದನ್ನು ಮುಟ್ಟುವ ಹಾಗಿಲ್ಲ. ನೀವು ಈ ಊರಿಗೆ ಹೊಸಬರು, ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿ ಹೇಳುತ್ತಿದ್ದೇನೆ. ಹಳಬರಿಗೆ ಹೇಳಲು ಹೋದರೆ ನಡುನಡುವೆ ನನ್ನನ್ನೇ ತಿದ್ದಲು ಬರುತ್ತಾರೆ.

ನಮ್ಮ ಊರಲ್ಲಿ ಹತ್ತು ಜನ ಒಂದೆಡೆ ಸೇರಿದರೆ ಅಲ್ಲಿ ಬರೆದಿಟ್ಟ ಅಕ್ಷರಗಳೆಲ್ಲ ಇಳಿದು ಹೋಗುತ್ತವೆ. ಗಡಿಬಿಡಿ ಏನಿಲ್ಲ. ಇರುವೆಗಳ ಹಾಗೆ ಸಾಲು ಹಿಡಿದು ಕಾಗದದ ಅಂಚಿಗೆ ಬಂದು, ಮೇಜಿನ ಕಾಲಿನ ಮೇಲಿಂದ ಇಳಿದು, ಹತ್ತಿರದ ಸಂದಿಯೊಂದರಲ್ಲಿ ಕೂತುಕೊಳ್ಳುತ್ತವೆ. ಒಬ್ಬರು ಎದ್ದು ಹೋಗಿ ಒಂಬತ್ತೇ ಜನ ಉಳಿದರೆ ಮತ್ತೆ ಹತ್ತಿ ಬಂದು ತಮ್ಮ ಜಾಗ ಹಿಡಿಯುತ್ತವೆ. ಚಿತ್ರಗಳು ಹೋಗುವುದಿಲ್ಲ, ಅವಕ್ಕೆ ಜನ ಕಂಡರೆ ಸಂಕೋಚವಿಲ್ಲ. ಮೈಮೇಲಿನ ಹಚ್ಚೆಯೂ ಹೋಗುವುದಿಲ್ಲ. ಹೀಗೇಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹುಣಸೆಕಾಯಿ ಹುಳಿ ಯಾಕೆ ಎಂದು ನಿಮ್ಮೂರಲ್ಲಿ ಯಾರಾದರೂ ಕೇಳುತ್ತಾರೆಯೇ?

ಹೊಂದಿಕೊಂಡಿದ್ದೇವೆ. ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ಸ್ಪಷ್ಟವಾಗಿ ಕಂಡರೆ ಅದು ಇನ್ನೂ ತುಂಬಿಲ್ಲ, ಹೊರಡುವುದು ತಡ ಎಂದು ಅರ್ಥ. ಬೋರ್ಡು ಖಾಲಿಯಾಯಿತೋ, ಓಡಿ ಹೋಗಿ ಹತ್ತಬೇಕು. ಶಾಲೆಯಲ್ಲಿ ಒಂದು ಕೋಣೆಗೆ ಎಂಟು ಮಕ್ಕಳು, ಒಬ್ಬ ಮಾಸ್ತರ. ಮದುವೆಗಳದ್ದೇ ಸ್ವಲ್ಪ ಗೊಂದಲ. ಬಾಗಿಲಲ್ಲಿ ಬರೆದ ವಧೂವರರ ಹೆಸರು ಹತ್ತನೆಯ ನೆಂಟ ಬರುತ್ತಲೇ ಮಾಯ. ಒಮ್ಮೆ ನಾನು ಎರಡು ದಿನ ಯಾರದೋ ಮದುವೆಯಲ್ಲಿ ಉಂಡು, ಹುಡುಗಿಯ ಕಡೆಯವರ ಸಾಲಿನಲ್ಲಿ ನಿಂತು ಅತ್ತು ಕಳಿಸಿಕೊಟ್ಟು ಬಂದಿದ್ದೇನೆ. ಅವರು ಈಗಲೂ ಪಂಚಮಿಗೆ ಉಂಡಿ ಕಳಿಸುತ್ತಾರೆ.

ನಿಜವಾದ ಕಷ್ಟ ಮನೆಗಳಲ್ಲಿ. ನಮ್ಮಲ್ಲಿ ಒಂದೊಂದು ಮನೆಯಲ್ಲಿ ಹದಿನಾಲ್ಕು, ಹದಿನಾರು ಜನ. ಅಂಥ ಮನೆಗೆ ಬಂದ ಪತ್ರ ಬರೀ ಬಿಳಿ ಕಾಗದ. ಹೀಗಾಗಿ ಊರಿನ ನಡುವೆ ಒಂದು ವಾಚನಾಲಯ ಇದೆ: ಹಂಚಿನ ಮಾಡು, ಒಂದೇ ಕೋಣೆ, ಒಂಬತ್ತು ಕುರ್ಚಿ. ಅದರ ಕೀಲಿ ಹುಲಿಗೆವ್ವನ ಸೊಂಟದಲ್ಲಿ. ಹೆಸರಿನಲ್ಲಿ ಹುಲಿ ಇದ್ದರೂ ಆಕೆಯ ದನಿ ಅಕ್ಕಿ ಆರಿಸುವಾಗಿನ ಸದ್ದಿಗಿಂತ ಸಣ್ಣದು. ತಾನು ಒಳಗೆ ಹೋದರೆ ಹತ್ತಾಗುತ್ತದೆಂದು ಮೂವತ್ತು ವರ್ಷದಿಂದ ಹೊಸ್ತಿಲ ಹೊರಗೇ ಕೂತವಳು. ಕೆಲಸ ಎರಡೇ: ಒಳಗೆ ಹೋಗುವವರನ್ನು ಒಂಬತ್ತರವರೆಗೆ ಎಣಿಸುವುದು, ಗದ್ದಲವಾದರೆ ‘ಶ್’ ಎನ್ನುವುದು.

ಒಂದು ಸೋಮವಾರ ಮುನ್ಸಿಪಾಲಿಟಿಯವರು ಹಲಗೆ ಬಾರಿಸಿ ಸಾರಿದರು. ವಾಚನಾಲಯ ಕೆಡವಿ ಆ ಜಾಗದಲ್ಲಿ ಮಂಗಲ ಕಾರ್ಯಾಲಯ ಕಟ್ಟುವುದು, ಬರುವ ಸೋಮವಾರ ಬೆಳಿಗ್ಗೆ ಚಾವಡಿಯ ಮುಂದೆ ಸಭೆ. ಯೋಚನೆ ಅಧ್ಯಕ್ಷ ಅಡಿವೆಪ್ಪನವರದು. "ಒಂಬತ್ತು ಮಂದೀಗೆ ಒಂದು ಕಟ್ಟಡ ಅಂದ್ರ ಏನ ಅನ್ಯಾಯರೀ. ಐನೂರು ಮಂದಿ ಕೂತು ಉಣ್ಣೂವಂಥಾದ್ದು ಕಟ್ಟೂಣು" ಎಂದು ಅವರು ಕಂಡಕಂಡಲ್ಲಿ ಹೇಳುತ್ತಿದ್ದರು. ಲೆಕ್ಕಕ್ಕೆ ಸರಿಯಾಗಿಯೇ ಕೇಳಿಸುತ್ತಿತ್ತು. ಅಡಿವೆಪ್ಪನವರಿಗೆ ಒಂದೇ ಭಾಷಣ ಬಾಯಿಪಾಠ. ಬೋರ್‌ವೆಲ್ ಉದ್ಘಾಟನೆಗೂ ಅದೇ, ನಾಮಕರಣಕ್ಕೂ ಅದೇ, ಸಂತಾಪ ಸಭೆಗೂ ಅದೇ. "ಇದು ನಮ್ಮೆಲ್ಲರ ಬಹುದಿನದ ಕನಸು" ಎಂದು ಅವರು ಶುರು ಮಾಡಿದಾಗ ಸತ್ತವನ ಹೆಂಡತಿಯ ಮುಖ ನೋಡಬೇಕಿತ್ತು. ಆದರೆ ತಡವರಿಸದೆ ಹೇಳುತ್ತಿದ್ದರು. ನಮ್ಮ ಊರಲ್ಲಿ ತಡವರಿಸದವನೇ ಅಧ್ಯಕ್ಷ.

ಯಾಕೆಂದರೆ ನಮ್ಮ ಸಭೆಗೆ ಒಂದು ಕಟ್ಟಳೆ ಇದೆ. ತಕರಾರು ಇದ್ದರೆ ಆ ಕಟ್ಟಡದ ಕೀಲಿ ಯಾರ ಕೈಯಲ್ಲಿದೆಯೋ ಅವರೇ ಕಟ್ಟೆ ಹತ್ತಿ ಹೇಳಬೇಕು, ವಕೀಲರು ನಡೆಯುವುದಿಲ್ಲ. ಮಾತು ನಿಂತರೆ ಕೆಳಗಿನ ಜನ ‘ಒಂದು’ ಎನ್ನುತ್ತಾರೆ. ಮಾತು ಮುಂದುವರಿದರೆ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಮತ್ತೆ ನಿಂತಾಗ ‘ಎರಡು’. ಒಂಬತ್ತು ಎಂದ ಮೇಲೂ ಬಾಯಿ ಕಟ್ಟಿದರೆ ಇಳಿಯಬೇಕು, ತಕರಾರು ಬಿದ್ದುಹೋದ ಹಾಗೆ. ಎಂಥೆಂಥ ಜಾಣರು ‘ಸಭಿಕರೇ’ ಎಂದು ಕೈಮುಗಿದು, ಒಂಬತ್ತು ಎಣಿಸುವುದರೊಳಗೆ ಚಪ್ಪಲಿ ಹುಡುಕುತ್ತಾ ಇಳಿದು ಹೋಗಿದ್ದನ್ನು ನಾನು ಕಂಡಿದ್ದೇನೆ.

ಹಲಗೆಯ ಸದ್ದು ಮುಗಿಯುತ್ತಲೇ ಒಳಗೆ ಓದುತ್ತಿದ್ದವರೆಲ್ಲ ಹುಲಿಗೆವ್ವನ ಮುಖ ನೋಡಿದರು.

"ಹಂಗ ನೋಡಬ್ಯಾಡ್ರಿ ನನ್ನ" ಎಂದಳು ಆಕೆ. "ಮೂವತ್ತು ವರ್ಷದಾಗ ನಾ ಆಡಿದ ದೊಡ್ಡ ಮಾತಂದ್ರ ‘ಶ್’ ಅನ್ನೂದು."

"ಅದನ್ನ ಜೋರಾಗಿ ಅನ್ರೆಲಾ" ಎಂದ ಮೌಲಾಸಾಬ. ಈತ ನಿವೃತ್ತ ಬಸ್ ಕಂಡಕ್ಟರ್. ಖಾಲಿ ಬೋರ್ಡಿನ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಮೂವತ್ತೈದು ವರ್ಷ ಊರುಗಳ ಹೆಸರು ಒದರಿದವನು.

"ಕೀಲಿ ನೀ ತಗೋ ಮೌಲಣ್ಣ. ನಿನಗ ಗಂಟಲ ಐತಿ."

"ಕೀಲಿ ಕೊಟ್ರ ಗಂಟಲ ಕೊಟ್ಟಾಂಗ ಆಗೂದಿಲ್ಲ ಅಕ್ಕಾರ. ನಾ ಒಂಬತ್ತು ಎಣಿಸಾಕ ಹೊಂಟ್ರ ಹದಿನಾಲ್ಕಕ್ಕ ನಿಲ್ಲತೀನಿ. ಬಸ್ಸಿನ ಚಟಾ."

ಆ ದಿನ ಕೋಣೆಗೆ ಬೀಗ ಹಾಕಿ ಆಕೆ ಮನೆಗೆ ಹೊರಟವಳು ತನ್ನ ಓಣಿಯನ್ನೇ ದಾಟಿ ಮುಂದೆ ಹೋಗಿದ್ದಳಂತೆ. ಇದನ್ನು ಆಕೆಯೇ ಆಮೇಲೆ ನನಗೆ ಹೇಳಿದ್ದು. ಮನೆಯಲ್ಲಿ ಹದಿಮೂರು ಜನ. ರೊಟ್ಟಿ ತಟ್ಟುತ್ತಾ ತಟ್ಟುತ್ತಾ, ಈ ಕೋಣೆ ಹೋದರೆ ಊರಲ್ಲಿ ಯಾರ ಪತ್ರ ಯಾರು ಓದುತ್ತಾರೆ ಎಂದು ಯೋಚಿಸಿದಳು. ಒಂದು ರೊಟ್ಟಿ ಸೀದು ಹೋಯಿತು. ಅತ್ತೆ ಕೇಳಿದ್ದಕ್ಕೆ ಬೆಂಕಿ ಜೋರಾಯಿತು ಎಂದಳು.

ಮರುದಿನ ನಸುಕಿನಲ್ಲೇ ಬಂದು, ಖಾಲಿ ಕೋಣೆಯಲ್ಲಿ ಕೂತು ಹನ್ನೊಂದು ಪುಟ ಬರೆದಳು. ಎಂಟು ಜನರನ್ನು ಕೂರಿಸಿ, ಒಂಬತ್ತನೆಯವಳಾಗಿ ತಾನು ನಿಂತು ಓದಿದಳು. ದನಿ ಸಣ್ಣದಾದರೂ ವಿಷಯ ಗಟ್ಟಿ ಇತ್ತು, ನಾವು ತಲೆದೂಗಿದೆವು. ಆಗ ಮೌಲಾಸಾಬ ಕಿಟಕಿಯಿಂದ ಬಗ್ಗಿ, ದಾರಿಯಲ್ಲಿ ಹೋಗುತ್ತಿದ್ದ ಕುಂಬಾರರ ಮುದುಕಿಯನ್ನು ನೀರು ಕುಡಿದು ಹೋಗಲು ಕರೆದ. ಮುದುಕಿ ಹೊಸ್ತಿಲು ದಾಟಿದ್ದೇ ತಡ, ಹನ್ನೊಂದು ಪುಟವೂ ಹಾಲಿನಂತೆ ಬಿಳಿಯಾದವು.

"ಈಗ ಮಾತಾಡ್ರಿ" ಎಂದ ಮೌಲಾಸಾಬ.

ಹುಲಿಗೆವ್ವ ಬಿಳಿ ಕಾಗದವನ್ನು ನೋಡಿದಳು, ತಿರುವಿ ನೋಡಿದಳು. "ಪುಟ ಮೂರು" ಎಂದಳು. ಅಷ್ಟೇ.

ಮುದುಕಿ ನೀರು ಕುಡಿದು, "ಪಾಪ, ಏನಾಗೇತಿ ಈಕಿಗೆ" ಎಂದು ಕೇಳಿ ಹೋದಳು.

ಬುಧವಾರದಿಂದ ಮೌಲಾಸಾಬ ಆಕೆಯನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದ. ಬಸ್ಸಿನ ಪಕ್ಕ ನಿಂತು ಊರಿನ ಹೆಸರು ಒದರಬೇಕು. ಮೊದಲ ದಿನ ಆಕೆ ಒದರಿದ್ದು ಹೇಗಿತ್ತೆಂದರೆ, ಒಬ್ಬ ಮುದುಕ ಈಕೆ ಏನೋ ಗುಟ್ಟು ಹೇಳುತ್ತಿದ್ದಾಳೆಂದು ತಿಳಿದು ಹತ್ತಿರ ಬಂದ, ತನ್ನದೊಂದು ಗುಟ್ಟನ್ನು ಆಕೆಯ ಕಿವಿಯಲ್ಲಿ ಹೇಳಿ ಹಗುರಾಗಿ ಬಸ್ಸು ಹತ್ತಿದ. ಗುರುವಾರ ದನಿ ಪಕ್ಕದ ಬಸ್ಸಿಗೆ ಮುಟ್ಟಿತು. ಶನಿವಾರ ಸ್ಟ್ಯಾಂಡಿನ ಆಚೆ ಇದ್ದ ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ. ದನಿ ಬಂತು, ಮಾತು ಬರಲಿಲ್ಲ. ಹನ್ನೊಂದು ಪುಟ ಬಾಯಿಪಾಠ ಮಾಡಲು ಕೂತರೆ ಎರಡನೆಯ ಸಾಲಿನಲ್ಲೇ ಕಾಲು ಮುರಿದುಕೊಂಡು ಬೀಳುತ್ತಿತ್ತು.

"ನಿನಗ ಅಷ್ಟ ಊರಿನ ಹೆಸರ ಹೆಂಗ ನೆನಪಿರತಿದ್ವು ಮೌಲಣ್ಣ?" ಎಂದು ಕೇಳಿದಳು.

"ನೆನಪ ಎಲ್ಲಿ ಇಟ್ಟಿದ್ದೆರೀ. ಹಳ್ಳ ಕಂಡ್ರ ಹಳ್ಳದ ಊರು, ಬೇವಿನ ಗಿಡಾ ಕಂಡ್ರ ಅದರ ಮುಂದಿನ ಊರು. ಕಂಡಾಂಗ ಒದರೂದು. ಮನಿಯಾಗ ಕೂತು ಹೇಳಂದ್ರ ನಾಕು ಊರೂ ಬರೂದಿಲ್ಲ ನನಗ."

ಹುಲಿಗೆವ್ವನಿಗೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಕಟ್ಟೆಯ ಮೇಲೆ ಹಳ್ಳ ಎಲ್ಲಿಂದ ಬರಬೇಕು, ಬೇವಿನ ಗಿಡ ಎಲ್ಲಿಂದ ಬರಬೇಕು.

ಭಾನುವಾರ ಆಕೆಗೊಂದು ಉಪಾಯ ಹೊಳೆಯಿತು. ಎಡಗೈ ಮೇಲೆ ಆಕೆಯ ತವರಿನ ಹಚ್ಚೆ ಇತ್ತು, ಅವ್ವನ ಹೆಸರು. ಸಂತೆಯಲ್ಲಿ ಸಾವಿರ ಜನರ ನಡುವೆಯೂ ಅದು ಅಲ್ಲಾಡಿದ್ದಿಲ್ಲ. ಚರ್ಮದ ಮೇಲಿನ ಅಕ್ಷರಕ್ಕೆ ಕಾಲು ಬರುವುದಿಲ್ಲ ಎಂದು ಆಕೆ ತೀರ್ಮಾನಿಸಿದಳು. ಬೇರೆ ಊರಿನವರು ಇಂಥ ತಪ್ಪು ಮಾಡಲಾರರು, ಮಾಡಬೇಕೆಂದರೂ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ವಾಚನಾಲಯ ತೆರೆದು, ರಿಜಿಸ್ಟರಿನ ಪೆನ್ನು ತೆಗೆದುಕೊಂಡು ಮುಂಗೈಯಿಂದ ಮೊಣಕೈವರೆಗೆ, ಅವ್ವನ ಹೆಸರಿನ ಸುತ್ತಲೂ, ಹನ್ನೊಂದು ಪುಟದ ಸಾರವನ್ನು ಸಣ್ಣ ಅಕ್ಷರದಲ್ಲಿ ಬರೆದು, ಸೆರಗು ಬಿಗಿಯಾಗಿ ಸುತ್ತಿಕೊಂಡು ಸಭೆಗೆ ಬಂದಳು. ಮುಖದಲ್ಲಿ ಎಂಥ ಸಮಾಧಾನ ಇತ್ತೆಂದರೆ ಮೌಲಾಸಾಬನಿಗೆ ಅನುಮಾನ ಬಂತು.

ಚಾವಡಿಯ ಮುಂದೆ ಎಂಟುನೂರು ಜನ. ನಾನು ಎಣಿಸಿದ್ದೇನೆ. ಮೊದಲು ಅಡಿವೆಪ್ಪನವರು ಕಟ್ಟೆ ಹತ್ತಿ ‘ಬಹುದಿನದ ಕನಸು’ ಹೇಳಿ, ಐನೂರು ಜನರ ಊಟದ ಸಾಲನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿ ಇಳಿದರು. ಬಾಯಲ್ಲಿ ನೀರೂರಿಸಿಕೊಂಡ ಜನ ಚಪ್ಪಾಳೆ ಹೊಡೆದರು. ಹುಲಿಗೆವ್ವ ಕಟ್ಟೆ ಹತ್ತಿ, ಕೈಮುಗಿದು, ಸೆರಗು ಸರಿಸಿ ಎಡಗೈ ನೋಡಿದಳು.

ಅಷ್ಟು ಹೊತ್ತು ಸೆರಗಿನ ಬಿಗಿತದಲ್ಲಿ ಸಿಕ್ಕಿಬಿದ್ದಿದ್ದ ಅಕ್ಷರಗಳು ದಾರಿ ಸಿಕ್ಕಿದ್ದೇ ಹೊರಟವು. ಅವ್ವನ ಹೆಸರೊಂದನ್ನು ಬಿಟ್ಟು ಉಳಿದೆಲ್ಲವೂ ಸಾಲುಗಟ್ಟಿ, ಕೆಲವು ಬೆರಳಿನ ಕಡೆಗೆ, ಕೆಲವು ದಾರಿ ತಪ್ಪಿ ರವಿಕೆಯ ತೋಳಿನೊಳಗೆ. ನಿಮಗೆ ಎಂದಾದರೂ ಕಂಕುಳಲ್ಲಿ ನಾಲ್ಕು ಸಾಲು ಅಕ್ಷರ ಹರಿದಾಡಿದೆಯೇ? ಬರೀ ಅಕ್ಷರವಾದರೆ ತಡೆದುಕೊಳ್ಳಬಹುದು, ಒತ್ತಕ್ಷರಗಳದ್ದು ಬಹಳ ಕಚಗುಳಿ. ಹುಲಿಗೆವ್ವ ಎಂಟುನೂರು ಜನರೆದುರು ಭುಜ ಕುಣಿಸಿದಳು, ಒಂದು ಕಾಲಿನ ಮೇಲೆ ನಿಂತಳು, ಕಿಸಕ್ಕನೆ ನಕ್ಕಳು. ಆಮೇಲೆ ಅಕ್ಷರಗಳು ಕಟ್ಟೆಯ ಬಿರುಕಿಗೆ ಇಳಿದು ಹೋದವು. ಆಕೆ ಬರಿಗೈಯಲ್ಲಿ ನಿಂತಳು. ನಗು ಹೋಯಿತು, ಕೈಯನ್ನು ತಿರುವಿ ನೋಡಿದಳು.

ಜನ ಸ್ವಲ್ಪ ಹೊತ್ತು ಕಾದರು. ಅಡಿವೆಪ್ಪನವರ ಕಡೆಯಿಂದಲೇ ಶುರುವಾಯಿತು.

"ಒಂದು."

ಎಣಿಕೆ ಎಂದರೆ ಬೇರೆಯವರಿಗೆ ಎದೆ ಝಲ್ಲೆನ್ನುತ್ತದೆ. ಹುಲಿಗೆವ್ವನಿಗೆ ಮಾತ್ರ ಅದು ಮೂವತ್ತು ವರ್ಷದ ಬೆಳಗು. ಒಂದು ಎಂದರೆ ಬಾಗಿಲು ತೆರೆದ ಹಾಗೆ, ಮೊದಲನೆಯವರು ಒಳಗೆ ಹೋದ ಹಾಗೆ. ಆಕೆಯ ಕಣ್ಣು ತಾನಾಗಿಯೇ ಜನರ ನಡುವೆ ಆ ಮೊದಲನೆಯವನನ್ನು ಹುಡುಕಿತು. ಪತ್ತಾರ ಈರಣ್ಣ ಎರಡನೆಯ ಸಾಲಿನಲ್ಲಿ ನಿಂತಿದ್ದ.

"ಒಂದನೇ ಕುರ್ಚಿ ಈರಣ್ಣಂದು" ಎಂದಳು. ಬಸ್‌ಸ್ಟ್ಯಾಂಡಿನ ದನಿ, ಬಾಳೆಹಣ್ಣಿನ ಗಾಡಿಯವರೆಗೆ ಮುಟ್ಟುವಂಥದ್ದು. "ಮನಿಯಾಗ ಹದಿನಾರು ಮಂದಿ. ಔಷಧದ ಬಾಟ್ಲಿ ಮ್ಯಾಲ ಏನ ಬರದೈತಿ ಕಾಣೂದಿಲ್ಲ ಅವಗ. ಹೋದ ವರ್ಷ ಹೆಂಡ್ತಿ ಕಿವೀಗೆ ಹಾಕೂ ಔಷಧಾ ತಾ ಕುಡದು, ತನ್ನ ಕೆಮ್ಮಿಂದು ಆಕಿ ಕಿವ್ಯಾಗ ಹಾಕಿದ್ದ. ಈಗ ದಿನಾ ಮುಂಜಾನೆ ಬಾಟ್ಲಿ ಹಿಡಕೊಂಡು ನನ್ನ ಬಾಗಲಕ್ಕ ಬರ್ತಾನ."

ಈರಣ್ಣನ ಹೆಂಡತಿ ಹಿಂದಿನಿಂದ, "ಇನ್ನೂ ಕೇಳಸೂದಿಲ್ಲ ಒಂದ ಕಿವಿ" ಎಂದು ಸಾಕ್ಷಿ ನುಡಿದಳು. ಜನ ನಕ್ಕರು. ಮಾತು ಮುಗಿದಿತ್ತು, ಹುಲಿಗೆವ್ವ ನಿಂತಳು.

"ಎರಡು."

"ಎರಡನೇದು ಹೊಲಿಗಿ ಖೈರುನ್‌ಬೀದು. ನಲವತ್ತೆರಡು ಆಗ್ಯಾವ ಆಕೀಗೆ, ಈ ವರ್ಷ ಮ್ಯಾಟ್ರಿಕ್ ಕಟ್ಯಾಳ. ಯಾರಿಗೂ ಹೇಳಬ್ಯಾಡ ಅಂದಿದ್ದಳು. ತಪ್ಪಾತವಾ, ಹೇಳಿಬಿಟ್ಟೆ."

"ಪಾಸಾಗು ಬೇ ಖೈರುನ್" ಎಂದು ಎಲ್ಲಿಂದಲೋ ಒಂದು ದನಿ ಬಂತು. ಖೈರುನ್‌ಬೀ ಮುಖಕ್ಕೆ ಸೆರಗು ಮುಚ್ಚಿಕೊಂಡಳು, ಸೆರಗಿನೊಳಗಿಂದಲೇ, "ಗಣಿತ ಒಂದ ಉಳದೈತಿ" ಎಂದಳು.

ಹುಲಿಗೆವ್ವ ಈ ಸಲ ಬೇಕೆಂದೇ ಬಾಯಿ ಮುಚ್ಚಿದಳು. ತುದಿಯಲ್ಲಿ ನಿಂತಿದ್ದ ಮೌಲಾಸಾಬನಿಗೆ ಅದು ಗೊತ್ತಾಯಿತು. ಆಕೆಗೆ ಹಳ್ಳ ಕಂಡಿತ್ತು, ಬೇವಿನ ಗಿಡ ಕಂಡಿತ್ತು. ಅವನೇ ಮೊದಲಾಗಿ ಕೂಗಿದ: "ಮೂರು."

"ಮೂರನೇದು ಈಗ ಕೂಗಿದನಲ್ಲ, ಅವನದು. ಕೆಲಸಾ ಬಿಟ್ಟು ಆರು ವರ್ಷ ಆತು, ದಿನಾ ಬಂದು ಬಸ್ಸಿನ ವ್ಯಾಳ್ಯಾ ಓದತಾನ. ಎಲ್ಲಿಗೂ ಹೋಗೂದಿಲ್ಲ. ತನ್ನ ಬಸ್ಸು ಹೊತ್ತಿಗೆ ಸರಿ ಹೊಂಡತೈತಿಲ್ಲೋ ಅಂತ ಒಮ್ಮೆ ನೋಡಿ, ಸಮಾಧಾನ ಮಾಡಕೊಂಡು ಮನಿಗೆ ಹೋಗತಾನ."

ಮೌಲಾಸಾಬ ಟೋಪಿ ತೆಗೆದು ಒರೆಸಿಕೊಂಡ. ಟೋಪಿ ಒರೆಸಿಕೊಂಡನೋ ಕಣ್ಣೋ, ನನಗೆ ಸರಿಯಾಗಿ ಕಾಣಲಿಲ್ಲ.

ನಾಲ್ಕನೆಯ ಕುರ್ಚಿಯ ಬಗ್ಗೆ ಆಕೆ ಏನು ಹೇಳಿದಳೆಂಬುದು ಈ ಕಥೆಗೆ ಬೇಕಾಗಿಲ್ಲ. ಅದು ನನ್ನ ಕುರ್ಚಿ. ಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ಓದುವ ಪದ್ಧತಿಯೂ ಇದೆ, ಅದು ಎಲ್ಲರಿಗೂ ತಿಳಿದಿರುವುದಿಲ್ಲ. ಜನ ಬಹಳ ಹೊತ್ತು ನಕ್ಕರು, ಅಷ್ಟು ನಗುವಂಥದ್ದೇನೂ ಇರಲಿಲ್ಲ.

ಐದಕ್ಕೂ ಆರಕ್ಕೂ ಜನ ಕಾಯಲೇ ಇಲ್ಲ, ಜೊತೆಯಾಗಿ ಕೂಗಿದರು. ಅವು ಹೊಸದಾಗಿ ಮದುವೆಯಾದ ಗಂಡಹೆಂಡಿರದು. ತುಂಬಿದ ಮನೆಯಲ್ಲಿ ಒಬ್ಬರಿಗೊಬ್ಬರು ಆಡಲಾಗದ್ದನ್ನು ಇಲ್ಲಿ ಚೀಟಿ ಬರೆದು ದಾಟಿಸುತ್ತಾರೆ. "ಏನ ಬರೀತಾರ ಅಂತ ನಾ ಕೇಳೂದಿಲ್ಲ, ನೀವೂ ಕೇಳಬ್ಯಾಡ್ರಿ" ಎಂದಳು. ಏಳನೆಯದರ ಮೇಲೆ ಕೂತು ಓದಿದ ಮೂವರು ಈಗ ಈ ಊರಿನ ಮಕ್ಕಳಿಗೇ ಮಾಸ್ತರಾಗಿದ್ದಾರೆ ಎಂದಳು. ಆ ಹೊತ್ತಿಗೆ ಎಣಿಕೆ ಆಕೆಯನ್ನು ಇಳಿಸುವ ಎಣಿಕೆಯಾಗಿ ಉಳಿದಿರಲಿಲ್ಲ. ಪದ ಹೇಳುವವರಿಗೆ ಹಿಮ್ಮೇಳದವರು ಕೊಡುವ ಸೊಲ್ಲಿನ ಹಾಗಿತ್ತು. ಎಂಟುನೂರು ಗಂಟಲು ಒಂದಾಗಿ "ಎಂಟು" ಎಂದಾಗ ಚಾವಡಿಯ ಮೇಲಿನ ಪಾರಿವಾಳಗಳು ಎದ್ದು ಹೋದವು.

"ಎಂಟನೇದಕ್ಕ ಮಧ್ಯಾಹ್ನ ಮೂರಕ್ಕ ಒಬ್ಬರು ಬರ್ತಾರ. ಅವರ ಕಚೇರಿಯಾಗ ಯಾವಾಗಲೂ ಮಂದಿ, ಮನಿಯಾಗ ಇಪ್ಪತ್ತೆರಡು ಮಂದಿ. ಫೈಲು ಓದಾಕ ಅವರಿಗೆ ಎಲ್ಲೂ ಜಾಗಾ ಇಲ್ಲ. ಅದಕ್ಕ ಹಿಂದಿನ ಬಾಗಲಿಂದ ಬಂದು, ಓದಿ, ಸಹಿ ಮಾಡಿ ಹೋಗತಾರ. ಹೆಸರ ಹೇಳೂದಿಲ್ಲ ನಾ. ವಾಚನಾಲಯದಾಗ ಯಾರು ಏನ ಓದತಾರ ಅಂತ ಹೊರಗ ಹೇಳಬಾರದು, ಅದು ಕಾನೂನು."

ಆವರೆಗೆ ಆ ಕಾನೂನನ್ನು ಆಕೆ ಏಳು ಸಲ ಮುರಿದಿದ್ದಳು, ಯಾರೂ ಅದನ್ನು ಎತ್ತಿ ಆಡಲಿಲ್ಲ. ಎಂಟುನೂರು ಮುಖ ಮೆಲ್ಲಗೆ ಅಡಿವೆಪ್ಪನವರ ಕಡೆಗೆ ತಿರುಗಿದವು. ಅವರು ಆಕಾಶ ನೋಡುತ್ತಾ, ಮೋಡವೇನಾದರೂ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಮೋಡ ಇರಲಿಲ್ಲ.

"ಒಂಬತ್ತು" ಎಂದರು ಜನ. ಈ ಸಲ ಸಣ್ಣ ದನಿಯಲ್ಲಿ, ಇದು ಕೊನೆಯದೆಂದು ಗೊತ್ತಿದ್ದವರ ಹಾಗೆ.

ಹುಲಿಗೆವ್ವ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ಇನ್ನೊಂದು ಗಳಿಗೆ ಕಳೆದಿದ್ದರೆ ಇಳಿಯಬೇಕಿತ್ತು. ಮೌಲಾಸಾಬ ಉಗುರು ಕಚ್ಚಿದ.

"ಒಂಬತ್ತನೇದು ನಂದು" ಎಂದಳು. "ಮದುವಿಯಾಗಿ ಬಂದ ವರ್ಷ ನಮ್ಮಕ್ಕನ ಕಾಗದ ಬಂತು. ಮನಿಯಾಗ ಮಂದಿ, ಹೊರಗ ಒಬ್ಬಾಕಿನ್ನ ಬಿಡತಿದ್ದಿಲ್ಲ. ನಾಕು ತಿಂಗಳು ಆ ಬಿಳಿ ಕಾಗದಾ ಉಡಿಯಾಗ ಇಟಗೊಂಡು ಅಡ್ಡಾಡಿದೆ. ಒಂದಿನ ಮಾವಗ ಬುತ್ತಿ ಕೊಡಾಕ ಈ ಬಾಗಲಕ್ಕ ಬಂದೆ. ಆಗಿನ ಅಜ್ಜಾರು ಅಂದ್ರು, ಒಳಗ ಎಂಟ ಮಂದಿ ಅದಾರವಾ, ಕೂಡು ಅಂತ. ಕೂತೆ. ಕಾಗದದ ಮ್ಯಾಲ ಅಕ್ಷರ ಒಂದೊಂದ ಹತ್ತಿ ಬಂದ್ವು. ಜಡ್ಡು ಜೋರ ಐತಿ, ಒಮ್ಮೆ ಬಂದು ಮಾರಿ ತೋರಿಸಿ ಹೋಗು ಅಂತ ಬರದಿದ್ದಳು. ನಾ ಓದೂದರಾಗ ಆಕಿ ಹೋಗಿ ಮೂರು ತಿಂಗಳಾಗಿತ್ತು." ಆಕೆ ಉಸಿರು ತೆಗೆದುಕೊಂಡಳು, ಯಾರೂ ಎಣಿಸಲಿಲ್ಲ. "ಅಧ್ಯಕ್ಷರು ಅಂತಾರ, ಒಂಬತ್ತ ಮಂದೀಗೆ ಒಂದು ಮನಿ ಯಾಕ ಅಂತ. ಐನೂರು ಮಂದಿ ಕೂತು ಉಣ್ಣಾಕ ಬಯಲು ಐತಿ, ಹೊಲ ಐತಿ, ಓಣಿ ಐತಿ. ಒಬ್ಬಾಕಿ ಕೂತು ತನ್ನ ಅಕ್ಕನ ಕಾಗದ ಓದಾಕ ಊರಾಗ ಇದೊಂದ ಜಾಗಾ ಐತ್ರಿ. ಬಾಗಲಾ ನಾ ಕಾಯ್ತೀನಿ. ಕೆಡವಬ್ಯಾಡ್ರಿ."

ಇಷ್ಟು ಹೇಳಿ ಕೈಮುಗಿದಳು. ಒಂದು ಚಪ್ಪಾಳೆ ಇಲ್ಲ. ನಮ್ಮಲ್ಲಿ ಚಪ್ಪಾಳೆಯಿಂದ ತೀರ್ಮಾನವಾಗುವುದಿಲ್ಲ. ಹೇಳಿದ್ದು ಒಪ್ಪಿಗೆಯಾದವರು ಕೂರಬೇಕು, ಒಪ್ಪದವರು ನಿಂತಿರಬೇಕು. ಮೊದಲು ಕುಂಬಾರರ ಮುದುಕಿ ಕೂತಳು. ಆಕೆಯ ಪಕ್ಕದವರು ಕೂತರು. ಆಮೇಲೆ ಜೋಳದ ಹೊಲಕ್ಕೆ ಗಾಳಿ ಬಿದ್ದ ಹಾಗೆ ಎಂಟುನೂರು ಜನ ಧೂಳಿನಲ್ಲೇ ಕೂತುಬಿಟ್ಟರು, ಬಿಳಿ ಧೋತರದವರು ಸಹಿತ. ಅಡಿವೆಪ್ಪನವರು ತಿರುಗಿ ತಮ್ಮ ಜವಾನನನ್ನು ಹುಡುಕಿದರು. ಅವನು ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಇಡೀ ಬಯಲಿನಲ್ಲಿ ನಿಂತವರು ಇಬ್ಬರೇ, ಕಟ್ಟೆಯ ಮೇಲೆ ಹುಲಿಗೆವ್ವ, ಕೆಳಗೆ ಅಧ್ಯಕ್ಷರು.

"ಕೂಡ್ರಿ ಸಾಹೇಬ್ರ" ಎಂದಳು ಹುಲಿಗೆವ್ವ. "ಮೂರಕ್ಕ ಎಂಟನೇದು ಖಾಲಿ ಇಟ್ಟಿರತೀನಿ."

ಅಡಿವೆಪ್ಪನವರು ಮಂಡಿ ಹಿಡಿದು ನಿಧಾನವಾಗಿ ಕೂತರು. ಕಾಲು ನೋವು, ಅದಕ್ಕೇ ಕೂತೆ ಎಂದು ಪಕ್ಕದವರಿಗೆ ಹೇಳಿದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ. ಆಗ ಎದ್ದಿತು ನೋಡಿ ಸದ್ದು. ಆ ಸದ್ದಿಗೆ ಬಿರುಕಿನಲ್ಲಿದ್ದ ಅಕ್ಷರಗಳು ಹೆದರಿ ಎರಡು ದಿನ ಹೊರಗೆ ಬರಲಿಲ್ಲ. ಆಮೇಲೆ ಬಂದು ಹುಲಿಗೆವ್ವನನ್ನು ಹುಡುಕಿಕೊಂಡು ವಾಚನಾಲಯದವರೆಗೆ ನಡೆದು ಹೋದವು. ಆಕೆ ಆಗಲೇ ಕೈ ತೊಳೆದುಕೊಂಡಿದ್ದಳು.

ಈಗ ಅದರ ಪಕ್ಕದಲ್ಲೇ ಇನ್ನೊಂದು ಕೋಣೆ ಎದ್ದಿದೆ, ಅದಕ್ಕೂ ಒಂಬತ್ತು ಕುರ್ಚಿ. ಉದ್ಘಾಟನೆಗೆ ಅಡಿವೆಪ್ಪನವರೇ ಬಂದು, ಭಾಷಣ ಹುಲಿಗೆವ್ವನೇ ಮಾಡಲಿ ಎಂದು ಹಟ ಹಿಡಿದರು. ಆಕೆ ಮಾಡಿದಳು, ಕಾಗದವಿಲ್ಲದೆ, ಮುಕ್ಕಾಲು ಗಂಟೆ. ಜನಕ್ಕೆ ಒಂದು ಎನ್ನಲೂ ಆಸ್ಪದ ಸಿಗಲಿಲ್ಲ. ಈಗ ಎಲ್ಲಿ ಸಭೆಯಾದರೂ ಆಕೆಗೆ ಕರೆ. ಬಸ್ಸಿನವರು ಆಕೆಗಾಗಿ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾರೆ. ಆದರೆ ಒಂದು ಸಂಗತಿ ಯಾರಿಗೂ ಗೊತ್ತಿಲ್ಲ, ಅದನ್ನು ನಿಮಗೊಬ್ಬರಿಗೇ ಹೇಳುತ್ತೇನೆ. ಇದೆಲ್ಲಕ್ಕೂ ಮೂಲ ನಾನು. ನಗಬೇಡಿ. ಆ ಸೋಮವಾರ ಆಕೆ ಕಟ್ಟೆ ಇಳಿದವಳು ಮೌಲಾಸಾಬನ ಕಡೆಗೂ ಹೋಗಲಿಲ್ಲ, ಅಧ್ಯಕ್ಷರ ಕಡೆಗೂ ಹೋಗಲಿಲ್ಲ, ಎಂಟುನೂರು ಜನರನ್ನು ದಾಟಿಕೊಂಡು ಸೀದಾ ನನ್ನ ಹತ್ತಿರವೇ ಬಂದು, ಎಲ್ಲರೆದುರು ನನ್ನ ಕೈ ಹಿಡಿದು ಏನು ಹೇಳಿದಳೆಂದರೆ, ಅದೇ ಈ ಕಥೆಯ ಮುಖ್ಯ ಭಾಗ, ಗಮನವಿಟ್ಟು ಕೇಳಿ, ಆಕೆ ಹೇಳಿದ್ದು... ಎಲ್ಲಿಗೆ ಎದ್ದಿರಿ? ಹುಲಿಗೆವ್ವ ವಾಚನಾಲಯದ ಬಾಗಿಲಿಂದ ಹಾಗೆ ದಿನವೂ ಕರೆಯುತ್ತಾಳೆ, ಒಳಗೆ ಎಂಟು ಜನ ಇದ್ದಾರೆ ಎಂದಷ್ಟೇ ಅದರ ಅರ್ಥ, ಆ ಕುರ್ಚಿ ಎಲ್ಲಿಗೂ ಓಡಿ ಹೋಗುವುದಿಲ್ಲ, ನಿಮ್ಮ ಕೈಯಲ್ಲಿರುವ ಆ ಪತ್ರವನ್ನು ಆಮೇಲೆ ಓದಿದರಾಯಿತು, ಒಂದೇ ನಿಮಿಷ, ಆಕೆ ನನ್ನ ಕೈ ಹಿಡಿದು